ಪ್ರತಿಕ್ರಿಯೆ: ಬಾಟಲಿಗೂ ಗೋದಾಮಿಗೂ ಒಂದೇ ಲೇಬಲ್ ಸಾಕೇ?

ಫ್ರಿಜ್ಜಿನಲ್ಲಿಡುವ ಬಾಟಲಿಯ ಲೇಬಲ್ ಸುಲಿದು ಬರುತ್ತಿದೆ, ಗೋದಾಮಿನ ಪೆಟ್ಟಿಗೆಗಳ ಬಾರ್‌ಕೋಡ್ ಕೆಲವೇ ತಿಂಗಳಲ್ಲಿ ಮಾಸುತ್ತಿದೆ, ಎರಡಕ್ಕೂ ಒಂದೇ ಲೇಬಲ್ ತರಿಸಬಹುದೇ ಎಂದು ಕೇಳಿದ್ದೀರಿ. ಬೇಡ. ಎರಡರ ರೋಗವೂ ಬೇರೆ, ಮದ್ದೂ ಬೇರೆ.

ಮೊದಲು ಪೆಟ್ಟಿಗೆಯದು. ಆ ಲೇಬಲ್ ಮೇಲೆ ಉಗುರಿನಿಂದ ಜೋರಾಗಿ ಗೀರಿ ನೋಡಿ. ಕಪ್ಪು ಗೆರೆ ಮೂಡಿದರೆ ಅದು ಡೈರೆಕ್ಟ್ ಥರ್ಮಲ್ ಕಾಗದ. ಶಾಖಕ್ಕೆ ಕಪ್ಪಾಗುವ ಲೇಪನದ ಮೇಲೆ ಶಾಯಿಯಿಲ್ಲದೆ ಮುದ್ರಿಸುವ ವಿಧಾನವದು. ಬಿಸಿಲು, ಬಿಸಿ, ಎಣ್ಣೆ ಯಾವುದೂ ಅದಕ್ಕೆ ಆಗಿಬರುವುದಿಲ್ಲ. ಕೆಲವು ದಿನಗಳ ಪಾರ್ಸೆಲ್ ಚೀಟಿಗೆ ಸಾಕು, ವರ್ಷಗಟ್ಟಲೆ ನಿಲ್ಲುವ ಕಪಾಟಿಗಲ್ಲ. ಶಾಯಿ ಲೇಪಿಸಿದ ರಿಬ್ಬನ್ನಿನಿಂದ ಶಾಖದ ಮೂಲಕ ಲೇಬಲ್ ಮೇಲೆ ಶಾಯಿ ಇಳಿಸುವ ಥರ್ಮಲ್ ಟ್ರಾನ್ಸ್‌ಫರ್ ಮುದ್ರಣಕ್ಕೆ ಬದಲಾಯಿಸಿ.

ಬಾಟಲಿಯ ವಿಷಯದಲ್ಲಿ ಎಲ್ಲರೂ ಅಂಟನ್ನೇ ದೂರುತ್ತಾರೆ. ನನ್ನ ಅನುಮಾನ ಅಂಟಿಸುವ ಹೊತ್ತಿನ ಮೇಲೆ. ತಣ್ಣನೆಯ ಬಾಟಲಿ ಹೊರಗೆ ಬಂದೊಡನೆ ಮೈಯೆಲ್ಲ ಬೆವರುತ್ತದೆ. ಆ ತೇವದ ಮೇಲೆ ಯಾವ ಅಂಟೂ ಹಿಡಿಯದು. ಒಣಗಿದ, ಕೋಣೆಯ ಉಷ್ಣತೆಯಲ್ಲಿರುವ ಬಾಟಲಿಗೆ ಅಂಟಿಸಿ, ಒಂದು ದಿನ ಬಿಟ್ಟು ಒಳಗಿಡಿ. ಕಾಗದ ನೀರು ಕುಡಿಯುತ್ತದೆ, ಹಾಗಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಲೇಬಲ್ ಆರಿಸಿ. ತಣ್ಣಗಿರುವಾಗಲೇ ಅಂಟಿಸಬೇಕಾದರೆ, ಅಂಟು ಹಿಡಿಯುವ ಕನಿಷ್ಠ ಉಷ್ಣತೆ ಎಷ್ಟೆಂದು ಮಾರಾಟಗಾರರನ್ನು ಕೇಳಿ. ಅಂಟಿದ ಮೇಲೆ ತಾಳುವ ಉಷ್ಣತೆ ಬೇರೆಯೇ ಲೆಕ್ಕ.

ಇನ್ನೊಂದು ಮಾತು. ಬಾಟಲಿ ಸಪೂರವಾಗಿದ್ದರೆ ಬಾರ್‌ಕೋಡಿನ ಗೆರೆಗಳು ಏಣಿಯ ಮೆಟ್ಟಿಲಿನಂತೆ ಅಡ್ಡಲಾಗಿರಲಿ, ಇಲ್ಲದಿದ್ದರೆ ಬಾಗಿನಲ್ಲಿ ಸ್ಕ್ಯಾನರ್ ತಡವರಿಸುತ್ತದೆ. ಅಂಗಡಿಯ ಸರಕುಗಳ ಮೇಲಿರುವ 13 ಅಂಕಿಯ ಬಾರ್‌ಕೋಡ್ ಆದ ಇಎಎನ್-13 ಸಂಕೇತದ ಮೂಲ ಅಗಲ 37.29 ಮಿ.ಮೀ.; ಜಾಗವಿಲ್ಲವೆಂದು ಅದನ್ನು ಶೇ 80ಕ್ಕಿಂತ ಚಿಕ್ಕದಾಗಿಸಬೇಡಿ, ಎರಡೂ ಬದಿಯ ಖಾಲಿ ಜಾಗವನ್ನಂತೂ ಮುಟ್ಟಲೇಬೇಡಿ. ಸಾವಿರಗಟ್ಟಲೆ ತರಿಸುವ ಮುನ್ನ ಹತ್ತು ಮಾದರಿ ಪಡೆದು ಒಂದು ವಾರ ಫ್ರಿಜ್ಜಿನಲ್ಲಿಟ್ಟು ನೋಡಿ.