ಬಳ್ಳಾರಿಯ 85 ಸಾವಿರದ ಸಂಬಳ ಬಿಟ್ಟು ದುಬೈನ 14 ಸಾವಿರ ದಿರ್ಹಮ್‌ಗೆ ಸಂಸಾರ ಸಮೇತ ಹೋಗಬಹುದಾ?

ನೀವು ಬರೆದಿರೋದು ಇಷ್ಟು: ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಎಂಜಿನಿಯರ್, ಕೈಗೆ 85 ಸಾವಿರ, ಬಳ್ಳಾರಿಯಲ್ಲಿ ಸ್ವಂತ ಮನೆ, ಸಿರುಗುಪ್ಪದ ಕಡೆ ನಾಲ್ಕು ಎಕರೆ ಗದ್ದೆ. ಮಕ್ಕಳು ಐದನೇ ಮತ್ತು ಒಂದನೇ ಕ್ಲಾಸು. ಎಲ್ಲ ಖರ್ಚು ಕಳೆದು ತಿಂಗಳಿಗೆ 40 ಸಾವಿರ ಉಳಿಯುತ್ತದೆ. ದುಬೈನಿಂದ 14,000 ದಿರ್ಹಮ್ ಆಫರ್ ಬಂದಿದೆ, ಹೋಗಬೇಕಾ ಬೇಡವಾ.

ಈ ಆಫರ್ ಈಗಿರುವ ಹಾಗೇ ಇದ್ದರೆ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಮಕ್ಕಳ ಶಾಲೆ ಖರ್ಚು ಮತ್ತು ವರ್ಷಕ್ಕೊಮ್ಮೆ ಊರಿಗೆ ಬರುವ ಟಿಕೆಟ್ ಕಂಪನಿ ಕೊಡುತ್ತದೆ ಅಂದರೆ ಹೋಗಿ, ಆದರೆ ಐದು ವರ್ಷಕ್ಕೆ ಮಾತ್ರ. ಐದೇ ಯಾಕೆ ಅನ್ನೋದು ಮುಂದೆ ಬರುತ್ತದೆ. ಬಳ್ಳಾರಿಯಲ್ಲಿ ಕೂತು ಗಲ್ಫ್‌ನಲ್ಲಿರುವವರ ತೆರಿಗೆ ಲೆಕ್ಕ ನೋಡಿಕೊಳ್ಳೋದೇ ನನ್ನ ಕೆಲಸ, ಹಾಗಾಗಿ ಅಂಕಿ ಹಿಡಿದೇ ಹೇಳುತ್ತೇನೆ.

ದಿರ್ಹಮ್‌ಗೆ 24 ರೂಪಾಯಿ ಹಿಡಿದರೆ 14,000 ಅಂದರೆ 3 ಲಕ್ಷ 36 ಸಾವಿರ. ಅಲ್ಲಿ ಸಂಬಳಕ್ಕೆ ತೆರಿಗೆಯಿಲ್ಲ ಅನ್ನೋದೂ ನಿಜ. ಎಲ್ಲರೂ ಈ ಗುಣಾಕಾರಕ್ಕೇ ನಿಂತುಬಿಡುತ್ತಾರೆ. ಗುಣಿಸಬೇಕಾದ್ದು ಸಂಬಳವನ್ನಲ್ಲ, ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವುದನ್ನು.

ಲೆಕ್ಕ ಹೀಗೆ ಹಾಕಿ. ಅಲ್ ನಹ್ದಾ, ಅಲ್ ಕುಸೈಸ್ ಕಡೆ ಒಂದು ಬೆಡ್‌ರೂಮಿನ ಮನೆಗೆ ವರ್ಷಕ್ಕೆ 65,000 ಹಿಡಿಯಿರಿ, ತಿಂಗಳಿಗೆ 5,400 ಆಯಿತು. ಬಾಡಿಗೆಯ ಶೇ 5ರಷ್ಟು ಹೌಸಿಂಗ್ ಫೀ ಅಂತ ಕರೆಂಟ್ ಬಿಲ್ಲಿನ ಜೊತೆಗೇ ಬರುತ್ತದೆ, ಅದು 270. ಕರೆಂಟು, ನೀರು, ಎಸಿ ಸೇರಿ ವರ್ಷದ ಸರಾಸರಿ 600. ಮನೆ ನೋಡುವಾಗ 'ಚಿಲ್ಲರ್ ಫ್ರೀ' ಹೌದೋ ಅಲ್ಲವೋ ಕೇಳಲೇಬೇಕು. ಅಲ್ಲದಿದ್ದರೆ ತಂಪು ಮಾಡುವ ಕಂಪನಿಯ ಬಿಲ್ಲು ಬೇರೆ ಬರುತ್ತದೆ, ಜುಲೈ ಆಗಸ್ಟ್‌ನಲ್ಲಿ ಈ ಅಂದಾಜು ಮೀರುತ್ತದೆ. ಇಂಟರ್‌ನೆಟ್ ಮತ್ತು ಎರಡು ಮೊಬೈಲಿಗೆ 450, ದಿನಸಿ ತರಕಾರಿಗೆ 1,800, ಮೆಟ್ರೋ ಬಸ್ಸಿಗೆ ಎಲ್ಲರದ್ದೂ ಸೇರಿ 500. ಹೆಂಡತಿ ಮಕ್ಕಳ ವೀಸಾ ಮತ್ತು ಆರೋಗ್ಯ ವಿಮೆಯನ್ನು ತಿಂಗಳಿಗೆ ಹಂಚಿದರೆ 450. ವರ್ಷಕ್ಕೊಮ್ಮೆ ನಾಲ್ಕು ಟಿಕೆಟ್ ತಿಂಗಳಿಗೆ 600 ಬೀಳುತ್ತದೆ. ಶಾಲೆಗೆ ರಜೆ ಕೊಟ್ಟಾಗಲೇ ಟಿಕೆಟ್ ದರ ಏರುವುದರಿಂದ ಇದು ಇಳಿಯೋದಿಲ್ಲ.

ಇನ್ನು ಶಾಲೆ. ಅಲ್ಲಿನ ಸರ್ಕಾರಿ ಶಾಲೆ ನಮ್ಮಂಥವರ ಲೆಕ್ಕಕ್ಕಿಲ್ಲ. ಸಾಧಾರಣ ಸಿಬಿಎಸ್‌ಇ ಶಾಲೆಯಲ್ಲಿ ಒಂದು ಮಗುವಿಗೆ ವರ್ಷಕ್ಕೆ 13,000, ಸ್ಕೂಲ್ ಬಸ್ಸಿಗೆ 5,000. ಇಬ್ಬರಿಗೆ 36,000, ಅಂದರೆ ತಿಂಗಳಿಗೆ 3,000. ಯಾವ ಶಾಲೆಯ ಫೀ ಎಷ್ಟು ಅನ್ನೋದನ್ನು ದುಬೈನ ಕೆಎಚ್‌ಡಿಎ ಪ್ರಾಧಿಕಾರ ತನ್ನ ಜಾಲತಾಣದಲ್ಲೇ ಹಾಕಿರುತ್ತದೆ, ತರಗತಿವಾರು ನೋಡಿಕೊಳ್ಳಿ. ಕ್ಲಾಸು ಏರಿದ ಹಾಗೆ ಫೀ ಏರುತ್ತದೆ.

ಕೂಡಿ ನೋಡಿ, 13,070 ಆಯಿತು. ಉಳಿಯೋದು 930 ದಿರ್ಹಮ್, ಸುಮಾರು 22 ಸಾವಿರ ರೂಪಾಯಿ. ಬಳ್ಳಾರಿಯಲ್ಲಿ ಉಳಿಯುವುದರ ಹತ್ತಿರತ್ತಿರ ಅರ್ಧ.

ಹೀಗೆ ಆಗಲು ಕಾರಣವಿದೆ. ಊರಲ್ಲಿ ನಿಮ್ಮ ಜೀವನದ ದೊಡ್ಡ ಖರ್ಚುಗಳಿಗೆ ಬಿಲ್ಲೇ ಬರುವುದಿಲ್ಲ. ಮನೆ ಸ್ವಂತದ್ದು. ಸೋನಾ ಮಸೂರಿ ಗದ್ದೆಯಿಂದ ಬರುತ್ತದೆ. ಮಕ್ಕಳು ಶಾಲೆಯಿಂದ ಬಂದರೆ ನೋಡಿಕೊಳ್ಳಲು ಅಜ್ಜಿ ಇದ್ದಾರೆ, ಜ್ವರ ಬಂದರೆ ಗೊತ್ತಿರುವ ಡಾಕ್ಟರು. ದುಬೈನಲ್ಲಿ ಇವಿಷ್ಟಕ್ಕೂ ದುಡ್ಡು ಕೊಡಬೇಕು. ಜೋಳದ ಹಿಟ್ಟು ಕರಾಮಾ, ಬರ್ ದುಬೈ ಅಂಗಡಿಗಳಲ್ಲಿ ಸಿಗುತ್ತದೆ, ಆದರೆ ನಮ್ಮ ಗಿರಣಿಯ ದರಕ್ಕಲ್ಲ.

ಶಾಲೆ ಮತ್ತು ಟಿಕೆಟ್ ಕಂಪನಿಯ ಮೇಲೆ ಹೋದರೆ ಚಿತ್ರ ಪೂರ್ತಿ ಬದಲಾಗುತ್ತದೆ: 4,530 ದಿರ್ಹಮ್, ಅಂದರೆ 1 ಲಕ್ಷ 8 ಸಾವಿರ ಉಳಿಯುತ್ತದೆ. ಅದಕ್ಕೇ ಸಂಬಳ ಸಾವಿರ ಜಾಸ್ತಿ ಮಾಡಿ ಅಂತ ಕೇಳುವ ಬದಲು ಇವೆರಡನ್ನು ಕೇಳಿ. ಕೊಡುವುದಿಲ್ಲ ಅಂದರೆ 18,000ಕ್ಕಿಂತ ಕಡಿಮೆಗೆ ಸಂಸಾರ ಸಮೇತ ಹೋಗೋದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಒಬ್ಬರೇ ಹೋಗಿ ರೂಮ್ ಶೇರಿಂಗ್‌ನಲ್ಲಿದ್ದರೆ 3,500ರಲ್ಲಿ ತಿಂಗಳು ನಡೆಯುತ್ತದೆ, ದುಡ್ಡು ಚೆನ್ನಾಗಿಯೇ ಉಳಿಯುತ್ತದೆ. ಆದರೆ ಒಂದನೇ ಕ್ಲಾಸಿನ ಮಗುವನ್ನು ಬಿಟ್ಟು ವರ್ಷಗಟ್ಟಲೆ ಇರುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಆಫರ್ ಪತ್ರದಲ್ಲಿ ಮೊತ್ತಕ್ಕಿಂತ ಮೊದಲು ಬೇಸಿಕ್, ಅಂದರೆ ಮೂಲ ವೇತನ, ಎಷ್ಟಿದೆ ನೋಡಿ. ಅಲ್ಲಿ ನಮ್ಮ ಹಾಗೆ ಪಿಎಫ್ ಇಲ್ಲ, ಕೆಲಸ ಬಿಡುವಾಗ ಗ್ರಾಚುಯಿಟಿ. ಅದು ಬೇಸಿಕ್ ಮೇಲೆ ಮಾತ್ರ: ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಸಂಬಳ, ಆಮೇಲೆ 30 ದಿನದ್ದು. ಬೇಸಿಕ್ 6,000 ಇದ್ದರೆ ಐದು ವರ್ಷಕ್ಕೆ 21,000 ದಿರ್ಹಮ್, 8,400 ಇದ್ದರೆ 29,400. ಒಟ್ಟು ಸಂಬಳ ಎರಡರಲ್ಲೂ ಅದೇ 14,000. ವ್ಯತ್ಯಾಸ ಎರಡು ಲಕ್ಷ ರೂಪಾಯಿ, ಸಹಿ ಹಾಕಿದ ಮೇಲೆ ಕೇಳಿದರೆ ಸಿಗೋದಿಲ್ಲ. ವೀಸಾ, ನೇಮಕಾತಿಯ ಖರ್ಚು ಕಾನೂನಿನ ಪ್ರಕಾರ ಕಂಪನಿಯದ್ದು. ಮಧ್ಯದವರು ಯಾರಾದರೂ ದುಡ್ಡು ಕೇಳಿದರೆ, ಅಥವಾ ವಿಸಿಟ್ ವೀಸಾದಲ್ಲಿ ಬನ್ನಿ ಆಮೇಲೆ ಬದಲಿಸೋಣ ಅಂದರೆ, ಅಲ್ಲಿಗೇ ಕೈಬಿಡಿ.

ಹೆಚ್ಚು ಜನ ಎಡವೋದು ಮೊದಲ ಮೂರು ತಿಂಗಳ ನಗದಿನಲ್ಲಿ. ಬಾಡಿಗೆ ತಿಂಗಳಿಗೊಮ್ಮೆ ಅಲ್ಲ, ಮುಂದಿನ ತಾರೀಕಿನ ಚೆಕ್‌ಗಳಲ್ಲಿ. ನಾಲ್ಕು ಚೆಕ್‌ಗೆ ಒಪ್ಪಿದರೂ ಮೊದಲನೆಯದೇ 16,250. ಡಿಪಾಸಿಟ್ ಶೇ 5, ಬ್ರೋಕರ್‌ಗೆ ಶೇ 5, ಎರಡೂ 3,250ರಂತೆ. ಕರೆಂಟು ನೀರಿನ ಡಿಪಾಸಿಟ್ 2,000. ಒಟ್ಟು 24,750, ಸುಮಾರು 6 ಲಕ್ಷ ರೂಪಾಯಿ. ಮಕ್ಕಳ ಮೊದಲ ಕಂತಿನ ಫೀ ಸೇರಿದರೆ 8 ಲಕ್ಷ. ಚೆಕ್ ಪುಸ್ತಕಕ್ಕೆ ಬ್ಯಾಂಕ್ ಖಾತೆ ಬೇಕು, ಖಾತೆಗೆ ಎಮಿರೇಟ್ಸ್ ಐಡಿ ಬೇಕು, ಅದಕ್ಕೆ ನೀವು ಹೋಗಿ ಮೆಡಿಕಲ್ ಆಗಬೇಕು. ಹಾಗಾಗಿ ಮೊದಲು ಒಬ್ಬರೇ ಹೋಗಿ, ಎರಡು ಮೂರು ತಿಂಗಳಾದ ಮೇಲೆ ಮನೆಯವರನ್ನು ಕರೆಸಿ.

ಈಗ ಐದು ವರ್ಷದ ಮಾತು. ಎಂಜಿನಿಯರಿಂಗ್‌ನಂಥ ಕೋರ್ಸುಗಳ ರಾಜ್ಯದ ಪ್ರವೇಶ ಪರೀಕ್ಷೆ ಕೆಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಸಾಮಾನ್ಯ ನಿಯಮ ಏನೆಂದರೆ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿ ಒಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜೊತೆಗೆ ಹತ್ತನೆಯದೋ ದ್ವಿತೀಯ ಪಿಯುಸಿಯೋ ಇಲ್ಲೇ ಪಾಸಾಗಿರಬೇಕು. ಎಲ್‌ಕೆಜಿ, ಯುಕೆಜಿ ಲೆಕ್ಕಕ್ಕಿಲ್ಲ. ನಿಮ್ಮ ದೊಡ್ಡ ಮಗುವಿಗೆ ಈ ಮಾರ್ಚ್‌ಗೆ ಇಲ್ಲಿನ ಓದು ಐದು ವರ್ಷ ತುಂಬುತ್ತದೆ. ಆರರಿಂದ ಹತ್ತು ಅಲ್ಲಿ ಓದಿ ಪಿಯುಸಿಗೆ ವಾಪಸ್ ಬಂದರೆ ಐದು ಮತ್ತು ಎರಡು, ಏಳಾಯಿತು. ಚಿಕ್ಕ ಮಗುವಿಗೆ ಇಲ್ಲಿನ ಓದು ಒಂದು ವರ್ಷ ಆಗಿರುತ್ತದೆ, ಎರಡರಿಂದ ಆರು ಅಲ್ಲಿ, ಏಳನೆಯದಕ್ಕೆ ಇಲ್ಲಿ ಸೇರಿದರೆ ಇನ್ನಾರು ವರ್ಷ, ಅದೂ ಏಳು. ಆರನೇ ವರ್ಷವೂ ಅಲ್ಲೇ ನಿಂತರೆ ಇಬ್ಬರ ಅರ್ಹತೆಯೂ ಕೈತಪ್ಪುತ್ತದೆ. ಬೇರೆ ವಿಭಾಗಗಳಲ್ಲಿ ಅರ್ಹತೆ ಸಿಗಬಹುದು, ಪರೀಕ್ಷಾ ಪ್ರಾಧಿಕಾರದ ಕೈಪಿಡಿಯಲ್ಲಿವೆ, ಆದರೆ ಅವನ್ನು ನಂಬಿ ಯೋಜನೆ ಹಾಕಬೇಡಿ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇದು ಇನ್ನೂ ದೊಡ್ಡ ನಷ್ಟ: ಸಂವಿಧಾನದ 371-ಜೆ ವಿಧಿಯ ಪ್ರಕಾರ ಇಲ್ಲಿನ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ನಮ್ಮ ಮಕ್ಕಳದ್ದು. ಇಬ್ಬರ ಹೆಸರಲ್ಲೂ ಆ ಪ್ರಮಾಣಪತ್ರವನ್ನು ಹೋಗುವ ಮೊದಲೇ ಮಾಡಿಸಿಡಿ. ಇಲ್ಲಿನ ಸಿಬಿಎಸ್‌ಇ ಶಾಲೆಯಲ್ಲೂ ಕನ್ನಡ ಕಲಿಯಲೇಬೇಕಾದ್ದರಿಂದ, ಏಳನೆಯದಕ್ಕೆ ಬರುವ ಮಗುವಿಗೆ ಅಲ್ಲಿದ್ದಾಗಲೇ ವಾರಾಂತ್ಯದಲ್ಲಿ ಕನ್ನಡ ಓದು ಬರಹ ನಡೆಯುತ್ತಿರಬೇಕು.

ತೆರಿಗೆಗೆ ಒಂದೇ ತಾರೀಕು ನೆನಪಿಡಿ. ಆರ್ಥಿಕ ವರ್ಷದಲ್ಲಿ ಇಲ್ಲಿ 182 ದಿನ ತುಂಬುವ ಮೊದಲು, ಅಂದರೆ ಸೆಪ್ಟೆಂಬರ್ 28ರೊಳಗೆ ಹೊರಟರೆ ಆ ವರ್ಷಕ್ಕೆ ನೀವು ಅನಿವಾಸಿ. ನವೆಂಬರ್‌ಗೆ ಹೊರಟರೆ ಮಾರ್ಚ್‌ವರೆಗಿನ ದುಬೈ ಸಂಬಳಕ್ಕೂ ಇಲ್ಲಿ ತೆರಿಗೆ ಕಟ್ಟಬೇಕು. ಗದ್ದೆ ಮಾರಬೇಕಿಲ್ಲ, ಇರುವುದನ್ನು ಅನಿವಾಸಿ ಇಟ್ಟುಕೊಳ್ಳಬಹುದು. ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ, ಪಕ್ಕದ ಎಕರೆ ಮೇಲೆ ಕಣ್ಣಿದ್ದರೆ ಹೊರಡುವ ಮೊದಲೇ ನೋಂದಣಿ ಮಾಡಿಸಿ.

ಬದುಕಿನ ಗುಣಮಟ್ಟದ ಬಗ್ಗೆ: ನಲ್ಲಿ ನೀರು ಬರುವ ದಿನ ಕಾಯಬೇಕಿಲ್ಲ, ರಾತ್ರಿ ಹೆಣ್ಣುಮಕ್ಕಳು ನಿರ್ಭಯವಾಗಿ ಓಡಾಡುತ್ತಾರೆ. ಬಿಸಿಲು ನಮಗೆ ಹೊಸದಲ್ಲ, ಆದರೆ ಅಲ್ಲಿನದ್ದು ಸಮುದ್ರದ ಸೆಕೆ, ಬೇಸಿಗೆಯಲ್ಲಿ ಮಕ್ಕಳಿಗೆ ಸಂಜೆಯೂ ಹೊರಗೆ ಆಡಲಾಗುವುದಿಲ್ಲ. ನಿಮ್ಮ ವೀಸಾದ ಮೇಲೆ ಬಂದ ಹೆಂಡತಿ ಪರ್ಮಿಟ್ ಪಡೆದು ಕೆಲಸ ಮಾಡಬಹುದು. ಅವರಿಗೆ 4,000 ಬಂದರೂ ಮೇಲಿನ ಲೆಕ್ಕ ಸಲೀಸಾಗುತ್ತದೆ.

ಕಾಗದಪತ್ರಕ್ಕೆ ಇವತ್ತೇ ಕೈಹಾಕಿ. ಡಿಗ್ರಿ, ಮದುವೆ ನೋಂದಣಿ ಪತ್ರ, ಮಕ್ಕಳ ಜನನ ಪತ್ರ ಇವಕ್ಕೆ ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಅಲ್ಲಿ ಹೋದ ಮೇಲೆ ಅವರ ವಿದೇಶಾಂಗ ಇಲಾಖೆ. ನಮ್ಮ ಕಡೆ ಕೆಲಸ ನಿಲ್ಲುವುದು ಹೆಸರಿನಲ್ಲಿ. ಜನನ ಪತ್ರದಲ್ಲಿ ತಂದೆಯ ಹೆಸರು 'ಕೆ. ಬಸವರಾಜ', ಪಾಸ್‌ಪೋರ್ಟ್‌ನಲ್ಲಿ 'ಬಸವರಾಜ ಕುರುಗೋಡು' ಅಂತಿದ್ದರೆ ಮಗುವಿನ ವೀಸಾ ಅಲ್ಲೇ ಕೂರುತ್ತದೆ. ಮೂರೂ ಪತ್ರವನ್ನು ಪಾಸ್‌ಪೋರ್ಟ್ ಪಕ್ಕ ಇಟ್ಟು ಅಕ್ಷರ ಅಕ್ಷರ ತಾಳೆ ನೋಡಿ, ತಿದ್ದುಪಡಿ ಇದ್ದರೆ ದೃಢೀಕರಣಕ್ಕೆ ಕೊಡುವ ಮೊದಲು ಮಾಡಿಸಿ. ಆಮೇಲೆ ತಿದ್ದಿದರೆ ನಾಲ್ಕೂ ಮುದ್ರೆ ಮತ್ತೆ ಹಾಕಿಸಬೇಕು.