ಓದುಗರ ಪ್ರಶ್ನೆ, ನಮ್ಮ ಉತ್ತರ: ಮೂಕಿ ಚಿತ್ರಗಳ ಡೇನಿಷ್ ನಟ ಜೀನ್ ಹರ್ಷೋಲ್ಟ್

ಪ್ರಶ್ನೆ: ಆಸ್ಕರ್ ಸಮಾರಂಭದ ವರದಿಗಳಲ್ಲಿ ‘ಜೀನ್ ಹರ್ಷೋಲ್ಟ್ ಮಾನವೀಯ ಪ್ರಶಸ್ತಿ’ ಎಂಬ ಹೆಸರನ್ನು ಹಲವು ಸಲ ಓದಿದ್ದೇನೆ. ಆಡ್ರೆ ಹೆಪ್‌ಬರ್ನ್, ಎಲಿಜಬೆತ್ ಟೇಲರ್, ಪಾಲ್ ನ್ಯೂಮನ್ ಅವರಂಥವರಿಗೆ ಅದು ಸಂದಿದೆ. ಆದರೆ ಈ ಹರ್ಷೋಲ್ಟ್ ಯಾರು? ದೊಡ್ಡ ದಾನಿಯೋ, ಚಿತ್ರ ಕಂಪನಿಯ ಒಡೆಯರೋ?
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಎರಡೂ ಅಲ್ಲ, ನಟ. ಅದೂ ನಾಯಕನಟರಲ್ಲ, ಪೋಷಕ ನಟ. ಜೀನ್ ಹರ್ಷೋಲ್ಟ್ 1886ರ ಜುಲೈ 12ರಂದು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಹುಟ್ಟಿದರು. 1913ರ ಸುಮಾರಿಗೆ ಅಮೆರಿಕಕ್ಕೆ ವಲಸೆ ಹೋದರು. ಕ್ಯಾಲಿಫೋರ್ನಿಯಾದಲ್ಲಿ ಥಾಮಸ್ ಇನ್ಸ್ ಅವರ ಸ್ಟುಡಿಯೋದಲ್ಲಿ ಸಣ್ಣಪುಟ್ಟ ಪಾತ್ರಗಳಿಂದ ಆರಂಭಿಸಿ, 1956ರ ಜೂನ್ 2ರಂದು ಕ್ಯಾನ್ಸರ್‌ನಿಂದ ತೀರಿಕೊಳ್ಳುವ ಹೊತ್ತಿಗೆ ಸುಮಾರು 140 ಚಿತ್ರಗಳಲ್ಲಿ ನಟಿಸಿದ್ದರು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮೂಕಿ ಚಿತ್ರಗಳು. ಅವರು ತೀರಿಕೊಂಡ ವರ್ಷವೇ, ಆಸ್ಕರ್ ಕೊಡುವ ಅಕಾಡೆಮಿಯು ಅವರ ಹೆಸರಿನ ಪ್ರಶಸ್ತಿಯನ್ನು ಸ್ಥಾಪಿಸಿತು. ಹೆಸರು ಉಳಿದು ಮುಖ ಮರೆತುಹೋಗಿರುವುದು ಇಂಥ ನಟರ ಮಟ್ಟಿಗೆ ಹೊಸದೇನಲ್ಲ. ಆದರೆ ಆ ಮುಖವನ್ನು ಒಮ್ಮೆ ನೋಡಿದವರು, ಅದೇ ಮುಖವನ್ನು ಇನ್ನೊಂದು ಚಿತ್ರದಲ್ಲಿ ಗುರುತಿಸಲಾರದೆ ಬೆಪ್ಪಾಗುವುದೂ ಉಂಟು.

ಪ್ರಶ್ನೆ: ಡೇನಿಷ್ ಮಾತೃಭಾಷೆಯ ವ್ಯಕ್ತಿಯೊಬ್ಬರು ಅಮೆರಿಕದ ಇಷ್ಟೊಂದು ಚಿತ್ರಗಳಲ್ಲಿ ಹೇಗೆ ನಟಿಸಿದರು? ಉಚ್ಚಾರಣೆ ಅಡ್ಡಿಯಾಗಲಿಲ್ಲವೇ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಮಾತೇ ಕೇಳಿಸದ ತೆರೆಯ ಮೇಲೆ ಉಚ್ಚಾರಣೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ನಟನ ತುಟಿ ಅಲುಗುತ್ತಿತ್ತು, ಮಾತು ದೃಶ್ಯಗಳ ನಡುವೆ ತೋರಿಸುವ ಬರಹದ ಫಲಕದ ಮೇಲೆ, ಅಂದರೆ ಟೈಟಲ್ ಕಾರ್ಡಿನ ಮೇಲೆ ಬರುತ್ತಿತ್ತು. ಆ ಕಾರ್ಡನ್ನು ಬದಲಿಸಿದರೆ ಅದೇ ಚಿತ್ರ ಫ್ರೆಂಚರಿಗೂ ಸಲ್ಲುತ್ತಿತ್ತು, ಜರ್ಮನರಿಗೂ ಸಲ್ಲುತ್ತಿತ್ತು. ಹೀಗಾಗಿ ಆ ಕಾಲದ ಹಾಲಿವುಡ್ಡಿನಲ್ಲಿ ನಟರನ್ನು ಆರಿಸುವಾಗ ನೋಡುತ್ತಿದ್ದುದು ಮುಖವನ್ನೂ ಮೈಕಟ್ಟನ್ನೂ ನಡಿಗೆಯನ್ನೂ ಮಾತ್ರ. ಸೆಟ್ಟಿನಲ್ಲಿ ಯಾರು ಯಾವ ಭಾಷೆಯಲ್ಲಿ ಗೊಣಗಿದರೂ ಪ್ರೇಕ್ಷಕರಿಗೆ ತಿಳಿಯುತ್ತಿರಲಿಲ್ಲ.

ಹರ್ಷೋಲ್ಟ್ ನಟಿಸಿದ ಚಿತ್ರಗಳ ಪಾತ್ರವರ್ಗವನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. 1921ರ ‘ದಿ ಫೋರ್ ಹಾರ್ಸ್‌ಮೆನ್ ಆಫ್ ದಿ ಅಪೊಕ್ಯಾಲಿಪ್ಸ್’ ಚಿತ್ರದಲ್ಲಿ ಅವರು ಜರ್ಮನ್ ಪ್ರೊಫೆಸರ್. ಆ ಚಿತ್ರದ ನಿರ್ದೇಶಕ ರೆಕ್ಸ್ ಇಂಗ್ರಾಮ್ ಐರ್ಲೆಂಡಿನವರು, ಅದರಿಂದಲೇ ತಾರೆಯಾದ ರುಡಾಲ್ಫ್ ವ್ಯಾಲೆಂಟಿನೊ ಇಟಲಿಯಿಂದ ಬಂದವರು. ಮರುವರ್ಷದ ‘ಟೆಸ್ ಆಫ್ ದಿ ಸ್ಟಾರ್ಮ್ ಕಂಟ್ರಿ’ಯಲ್ಲಿ ಅವರು ಮೇರಿ ಪಿಕ್‌ಫೋರ್ಡ್ ಎದುರು ಬೆನ್ ಲೆಟ್ಸ್ ಎಂಬ ದುರುಳನಾದರು, ಅಮೆರಿಕದ ಮುದ್ದಿನ ಹುಡುಗಿ ಎನ್ನಿಸಿಕೊಂಡಿದ್ದ ಪಿಕ್‌ಫೋರ್ಡ್ ಹುಟ್ಟಿದ್ದು ಕೆನಡಾದ ಟೊರಾಂಟೋದಲ್ಲಿ. 1927ರ ‘ದಿ ಸ್ಟೂಡೆಂಟ್ ಪ್ರಿನ್ಸ್ ಇನ್ ಓಲ್ಡ್ ಹೈಡೆಲ್‌ಬರ್ಗ್’ ಇದಕ್ಕೆಲ್ಲ ಕಳಶವಿಟ್ಟಂತಿದೆ. ಕಥೆ ಜರ್ಮನ್ ರಾಜಕುಮಾರನದು; ರಾಜಕುಮಾರನಾಗಿ ಮೆಕ್ಸಿಕೋದಲ್ಲಿ ಹುಟ್ಟಿದ ರಮೋನ್ ನೊವಾರೊ, ಅವನ ಪ್ರೇಯಸಿಯಾಗಿ ಕೆನಡಾದ ನಾರ್ಮಾ ಶಿಯರರ್, ಅವನನ್ನು ಮಗನಂತೆ ಪ್ರೀತಿಸುವ ಗುರು ಡಾಕ್ಟರ್ ಯೂಟ್ನರ್ ಆಗಿ ಡೆನ್ಮಾರ್ಕಿನ ಹರ್ಷೋಲ್ಟ್. ಕ್ಯಾಮೆರಾದ ಹಿಂದಿದ್ದ ನಿರ್ದೇಶಕ ಅರ್ನ್ಸ್ಟ್ ಲುಬಿಚ್ ಮಾತ್ರ ನಿಜಕ್ಕೂ ಜರ್ಮನಿಯವರೇ.

ಪೋಷಕ ನಟನ ಕೆಲಸವನ್ನು ನಮ್ಮ ಕರಾವಳಿಯವರಿಗೆ ವಿವರಿಸಬೇಕಿಲ್ಲ. ಯಕ್ಷಗಾನದ ಬಣ್ಣದ ವೇಷಧಾರಿಯ ಸ್ವಂತ ಮುಖ ಬಣ್ಣದ ಅಡಿಯಲ್ಲಿ ಮಾಯವಾದ ಮೇಲಷ್ಟೇ ವೇಷ ರಂಗಕ್ಕೆ ಬರುತ್ತದೆ. ಹರ್ಷೋಲ್ಟ್ ಹೆಸರು ಮಾಡಿದ್ದೂ ಹೀಗೆ ಮಾಯವಾಗುವುದರಲ್ಲಿ. 1925ರ ‘ಸ್ಟೆಲ್ಲಾ ಡಲ್ಲಾಸ್’ನಲ್ಲಿ ಎಡ್ ಮನ್ ಎಂಬ ಬಾಯಿಬಡುಕ ಕುದುರೆಗಾರ, ಮೊದಮೊದಲು ನಗಿಸುತ್ತಾನೆ, ಕಡೆಗೆ ಕುಡಿತದಿಂದ ಹಾಳಾಗಿ ಕಣ್ಣಿಗೆ ಬೀಳುತ್ತಾನೆ. ಆ ಮನುಷ್ಯನೇ ಎರಡು ವರ್ಷಗಳ ನಂತರ ಮಮತೆಯ ಯೂಟ್ನರ್ ಆದನೆಂದರೆ ನಂಬುವುದು ಕಷ್ಟ. 1928ರ ‘ಏಬೀಸ್ ಐರಿಷ್ ರೋಸ್’ನಲ್ಲಿ ಅವರು ನ್ಯೂಯಾರ್ಕಿನ ಯಹೂದಿ ತಂದೆ ಸಾಲಮನ್ ಲೆವಿ. ಒಬ್ಬ ವಲಸಿಗ ಬೇರೊಂದು ಜನಾಂಗದ ವಲಸಿಗನನ್ನು ಆಡಿ ತೋರಿಸಿದ ಪಾತ್ರವದು.

ಪ್ರಶ್ನೆ: ಚಿತ್ರವೊಂದರ ಚಿತ್ರೀಕರಣಕ್ಕಾಗಿ ಈ ನಟ ಮರುಭೂಮಿಯಲ್ಲಿ ಸಾಯುವ ಸ್ಥಿತಿಗೆ ಬಂದಿದ್ದರೆಂದು ಎಲ್ಲೋ ಓದಿದೆ. ಅದು ಪ್ರಚಾರಕ್ಕಾಗಿ ಕಟ್ಟಿದ ಕಥೆಯೇ?
(ಓದುಗರೊಬ್ಬರು, ಕಲಬುರಗಿ)

ಉತ್ತರ: ಕಟ್ಟುಕಥೆಯಲ್ಲ. ಬೇಸಿಗೆ ಎಂದರೇನೆಂದು ಬಲ್ಲ ಕಲಬುರಗಿಯಿಂದ ಈ ಪ್ರಶ್ನೆ ಬಂದಿರುವುದು ಸರಿಯಾಗಿಯೇ ಇದೆ.

ಚಿತ್ರದ ಹೆಸರು ‘ಗ್ರೀಡ್’, ಎಂದರೆ ದುರಾಸೆ. ಫ್ರಾಂಕ್ ನಾರಿಸ್ ಅವರ 1899ರ ಕಾದಂಬರಿಯನ್ನು ಆಧರಿಸಿದ ಇದನ್ನು ಆಸ್ಟ್ರಿಯಾದಿಂದ ವಲಸೆ ಬಂದ ಎರಿಕ್ ವಾನ್ ಸ್ಟ್ರೋಹೈಮ್ ನಿರ್ದೇಶಿಸಿದರು. ಸ್ಟುಡಿಯೋದ ಹಲಗೆ-ಬಟ್ಟೆಯ ಸೆಟ್ಟುಗಳನ್ನು ಒಲ್ಲದೆ, ಸ್ಯಾನ್ ಫ್ರಾನ್ಸಿಸ್ಕೋದ ನಿಜವಾದ ಬೀದಿಗಳಲ್ಲಿ, ನಿಜವಾದ ಮನೆಗಳಲ್ಲಿ ಅವರು ಚಿತ್ರೀಕರಿಸಿದರು. ಹರ್ಷೋಲ್ಟ್ ಅವರದು ಮಾರ್ಕಸ್ ಎಂಬ ಪಾತ್ರ. ಮಾರ್ಕಸ್ ತಾನು ಒಲಿದಿದ್ದ ಟ್ರೀನಾಳನ್ನು ಗೆಳೆಯ ಮ್ಯಾಕ್‌ಟೀಗ್‌ಗೆ ದೊಡ್ಡ ಮನಸ್ಸಿನಿಂದ ಬಿಟ್ಟುಕೊಡುತ್ತಾನೆ. ಅವಳಿಗೆ 5,000 ಡಾಲರ್ ಲಾಟರಿ ಹೊಡೆದ ಮೇಲೆ ಆ ಹಣ ತನ್ನದಾಗಬೇಕಿತ್ತಲ್ಲ ಎಂಬ ಹೊಟ್ಟೆಕಿಚ್ಚು ಅವನನ್ನು ಒಳಗಿನಿಂದ ಸುಡತೊಡಗುತ್ತದೆ. ಗಡಸು ಟೋಪಿಯನ್ನು ಓರೆಯಾಗಿಟ್ಟುಕೊಂಡು ಅಗ್ಗದ ಷೋಕಿ ಮಾಡುವ ಮಾರ್ಕಸ್ ಮೊದಲಿಗೆ ಯಾವ ಊರಿನ ಕಟ್ಟೆಯ ಮೇಲಾದರೂ ಸಿಗುವ ಆಳಿನಂತಿದ್ದಾನೆ. ಅವನನ್ನು ಕೇಡಿಗನೆಂದು ತೋರಿಸಲು ಹರ್ಷೋಲ್ಟ್ ಹುಬ್ಬು ಗಂಟಿಕ್ಕುವುದಿಲ್ಲ, ಮೀಸೆ ತಿರುವುವುದಿಲ್ಲ. ನಗೆ ಒಂದು ಕ್ಷಣ ಹೆಚ್ಚು ಹೊತ್ತು ನಿಲ್ಲುತ್ತದೆ, ಅಷ್ಟೇ. ಮೂಕಿ ಚಿತ್ರವೆಂದರೆ ಎದೆ ಬಡಿದುಕೊಳ್ಳುವ ಅತಿನಟನೆ ಎಂದು ನಂಬಿದವರು ಈ ಪಾತ್ರವನ್ನು ನೋಡಬೇಕು.

ಕಥೆಯ ಕೊನೆ ನಡೆಯುವುದು ಡೆತ್ ವ್ಯಾಲಿ ಎಂಬ ಮರುಭೂಮಿಯಲ್ಲಿ. ಸ್ಟುಡಿಯೋ ಬೇರೆ ಮರಳುಗಾಡನ್ನು ತೋರಿಸಿದರೂ ಸ್ಟ್ರೋಹೈಮ್ ಒಪ್ಪದೆ, 1923ರ ಬೇಸಿಗೆಯ ಉರಿಯಲ್ಲಿ ಇಡೀ ತಂಡವನ್ನು ಅಲ್ಲಿಗೇ ಕರೆದೊಯ್ದರು. ನೆರಳಿನಲ್ಲಿಯೂ ಬಿಸಿಲು 120 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವ ಜಾಗವದು. ಹೋದ 43 ಮಂದಿಯಲ್ಲಿ 14 ಮಂದಿ ಕಾಯಿಲೆ ಬಿದ್ದು ಹಿಂದಿರುಗಬೇಕಾಯಿತು. ಮೈತುಂಬ ಬೊಬ್ಬೆ ಎದ್ದು, ತಮ್ಮ ಲೆಕ್ಕದಲ್ಲೇ 27 ಪೌಂಡು ತೂಕ ಕಳೆದುಕೊಂಡ ಹರ್ಷೋಲ್ಟ್ ಚಿತ್ರೀಕರಣ ಮುಗಿದ ಮೇಲೆ ಆಸ್ಪತ್ರೆ ಸೇರಿದರು. ತೆರೆಯ ಮೇಲೆ ಕಾಣುವುದು, ನೀರಿಲ್ಲದೆ ಒಡೆದ ನೆಲದಲ್ಲಿ ಎರಡು ಬಡಕಲು ಪ್ರಾಣಿಗಳಂತೆ ಉರುಳಾಡುವ ಇಬ್ಬರು ಗಂಡಸರು. ಮಾರ್ಕಸ್ ಸಾಯುತ್ತಾನೆ, ಆದರೆ ಅಷ್ಟರೊಳಗೆ ಮ್ಯಾಕ್‌ಟೀಗ್‌ನ ಕೈಯನ್ನು ತನ್ನ ಕೈಗೆ ಬೇಡಿ ಹಾಕಿ ಬಂಧಿಸಿಬಿಟ್ಟಿರುತ್ತಾನೆ. ಮ್ಯಾಕ್‌ಟೀಗ್ ಆದ ಗಿಬ್ಸನ್ ಗೌಲೆಂಡ್ ಇಂಗ್ಲೆಂಡಿನವರು. ಅಮೆರಿಕದ ದುರಾಸೆಯನ್ನು ಹೇಳುವ ಈ ದೃಶ್ಯದಲ್ಲಿ ಒಬ್ಬ ಇಂಗ್ಲಿಷಿನವನೂ ಒಬ್ಬ ಡೇನನೂ ಹೊಡೆದಾಡುತ್ತಿದ್ದಾರೆ, ಒಬ್ಬ ಆಸ್ಟ್ರಿಯನ್ ಹೊಡೆದಾಡಿಸುತ್ತಿದ್ದಾನೆ.

ಎಂಟು ಗಂಟೆಗೂ ಮೀರಿದ್ದ ಆ ಚಿತ್ರವನ್ನು ಸ್ಟುಡಿಯೋ ಕತ್ತರಿಸಿ ಸುಮಾರು ಎರಡೂಕಾಲು ಗಂಟೆಗೆ ಇಳಿಸಿ 1924ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿತು. ಕತ್ತರಿಸಿದ ಭಾಗ ಮತ್ತೆ ಸಿಕ್ಕಿಲ್ಲ. 1999ರಲ್ಲಿ ಸ್ಥಿರಚಿತ್ರಗಳನ್ನು ಜೋಡಿಸಿ ಸುಮಾರು ನಾಲ್ಕು ಗಂಟೆಯ ರೂಪವೊಂದನ್ನು ಸಿದ್ಧಪಡಿಸಲಾಯಿತು. ಮೊದಲ ಸಲ ನೋಡುವವರು ಚಿಕ್ಕ ರೂಪದಿಂದಲೇ ಆರಂಭಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮ ಮೈಸೂರು ಸೀಮೆಯ ಮಾವುತನ ಮಗ ಸಾಬು ಕೂಡ ಹಾಲಿವುಡ್ ಸೇರಿದವರು. ಏಷ್ಯಾದಿಂದ ಹೋದವರಿಗೂ ಹರ್ಷೋಲ್ಟ್ ಅವರಂತೆಯೇ ಅವಕಾಶ ಸಿಗುತ್ತಿತ್ತೇ?
(ಓದುಗರೊಬ್ಬರು, ಮೈಸೂರು)

ಉತ್ತರ: ಸಿಗುತ್ತಿರಲಿಲ್ಲ. ಮೂಕಿ ತೆರೆ ಉಚ್ಚಾರಣೆಯನ್ನು ಮರೆಸಿತೇ ಹೊರತು ಮೈಬಣ್ಣವನ್ನು ಮರೆಸಲಿಲ್ಲ. ಡೇನಿಷ್ ನಟ ಜರ್ಮನನಾಗಬಹುದಿತ್ತು, ಯಹೂದಿಯಾಗಬಹುದಿತ್ತು, ಅಪ್ಪಟ ಅಮೆರಿಕನ್ನನಾಗಬಹುದಿತ್ತು. ಜಪಾನಿನಿಂದ ಬಂದ ಸೋಜಿನ್ ಕಾಮಿಯಾಮ ಅವರಂಥ ಪ್ರತಿಭಾವಂತ ಪೋಷಕ ನಟರಿಗೆ ಸಿಕ್ಕಿದ್ದು 1924ರ ‘ದಿ ಥೀಫ್ ಆಫ್ ಬಾಗ್ದಾದ್’ನ ಕುತಂತ್ರಿ ಮಂಗೋಲ್ ರಾಜಕುಮಾರನಂಥ ಪಾತ್ರಗಳು. ಪೂರ್ವದೇಶದವನು ಎಂದರೆ ಮಂಗೋಲನಾಗಬಹುದು, ಚೀನೀಯನಾಗಬಹುದು. ಆದರೆ ಪಕ್ಕದ ಮನೆಯವನಾಗುವಂತಿರಲಿಲ್ಲ. ಟಾಕಿ ಬಂದ ಮೇಲೆ ಸೋಜಿನ್ ಜಪಾನಿಗೆ ಮರಳಿದರು.

ಕಾನೂನೂ ಇದಕ್ಕೆ ಒತ್ತಾಸೆಯಾಗಿತ್ತು. ಹರ್ಷೋಲ್ಟ್ ಡೆತ್ ವ್ಯಾಲಿಯಲ್ಲಿ ಬೇಯುತ್ತಿದ್ದ ಅದೇ 1923ರಲ್ಲಿ, ಭಾರತೀಯರು ‘ಬಿಳಿಯರು’ ಅಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು ಭಗತ್ ಸಿಂಗ್ ಥಿಂದ್ ಎಂಬವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಸಾಬು ಟಾಕಿ ಯುಗದವರು. 1937ರಲ್ಲಿ ಬ್ರಿಟಿಷ್ ಚಿತ್ರದಿಂದ ಆರಂಭಿಸಿ ಆಮೇಲೆ ಹಾಲಿವುಡ್ಡಿಗೆ ಹೋದರು. ಆನೆ, ಕಾಡು, ಮಾಯಾಗಾಲಿಚೆಗಳ ಆಚೆಗೆ ಅವರಿಗೂ ಹೆಚ್ಚು ದಾರಿ ತೆರೆಯಲಿಲ್ಲ.

ಪ್ರಶ್ನೆ: ಟಾಕಿ ಬಂದಾಗ ಹರ್ಷೋಲ್ಟ್ ಅವರ ಗತಿ ಏನಾಯಿತು?
(ಓದುಗರೊಬ್ಬರು, ಬೆಳಗಾವಿ)

ಉತ್ತರ: ಕೆಲಸ ಉಳಿಯಿತು, ಪಾತ್ರಗಳ ಹರವು ಹೋಯಿತು. ಮೊದಲ ಆಸ್ಕರ್ ಸಮಾರಂಭದಲ್ಲಿ ಶ್ರೇಷ್ಠ ನಟರೆನಿಸಿಕೊಂಡ ಎಮಿಲ್ ಯಾನಿಂಗ್ಸ್ ಅವರೇ ಟಾಕಿಯ ಎದುರು ನಿಲ್ಲಲಾರದೆ ಜರ್ಮನಿಗೆ ಮರಳಿದರು. ನಾಯಕನ ಭಾರವಿಲ್ಲದ ಹರ್ಷೋಲ್ಟ್ ಅವರಿಗೆ ಆ ಆಪತ್ತು ಬರಲಿಲ್ಲ. 1932ರ ‘ಗ್ರಾಂಡ್ ಹೋಟೆಲ್’ನಲ್ಲಿ, ಹೆಂಡತಿಯ ಹೆರಿಗೆಯ ಸುದ್ದಿಗಾಗಿ ಕಾಯುತ್ತಲೇ ಗಿರಾಕಿಗಳಿಗೆ ನಗುಮೊಗ ತೋರಿಸಬೇಕಾದ ಹೋಟೆಲ್ ನೌಕರನಾಗಿ ಅವರಿದ್ದಾರೆ. ಆದರೆ ಒಮ್ಮೆ ದನಿ ಕೇಳಿಸಿದ ಮೇಲೆ ಆ ಡೇನಿಷ್ ಛಾಯೆಯ ಇಂಗ್ಲಿಷು ಅವರನ್ನು ಯುರೋಪಿನ ಹಿರಿಯರ, ಪ್ರೊಫೆಸರರ, ಡಾಕ್ಟರರ ಪಾತ್ರಗಳಿಗೆ ಕಟ್ಟಿಹಾಕಿತು. ಮಾರ್ಕಸ್‌ನಂಥ ಪಾತ್ರ ಮತ್ತೆ ಅವರ ಪಾಲಿಗೆ ಬರಲಿಲ್ಲ.

1936ರಲ್ಲಿ, ಕೆನಡಾದ ಪ್ರಸಿದ್ಧ ಐದವಳಿ ಹೆಣ್ಣುಮಕ್ಕಳ ಹೆರಿಗೆ ಮಾಡಿಸಿದ ವೈದ್ಯರ ಪಾತ್ರವನ್ನು ಅವರು ಬೇರೆ ಹೆಸರಿನಲ್ಲಿ ಅಭಿನಯಿಸಿದರು. ಅದು ಎಷ್ಟು ಜನಪ್ರಿಯವಾಯಿತೆಂದರೆ, ಅದೇ ಜಾಡಿನಲ್ಲಿ ‘ಡಾಕ್ಟರ್ ಕ್ರಿಶ್ಚಿಯನ್’ ಎಂಬ ಹಳ್ಳಿಯ ವೈದ್ಯನನ್ನು ಸೃಷ್ಟಿಸಿ 1937ರಿಂದ 1954ರವರೆಗೆ ರೇಡಿಯೋದಲ್ಲಿ ನಡೆಸಿಕೊಂಡು ಹೋದರು. ಕೇಳುಗರೇ ಕಥೆ ಬರೆದು ಕಳಿಸಿ ಬಹುಮಾನ ಗೆಲ್ಲಬಹುದಾಗಿದ್ದ ಸರಣಿಯದು. ಮುಖದಿಂದಲೇ ಎಲ್ಲವನ್ನೂ ಹೇಳುತ್ತಿದ್ದ ಮೂಕಿ ನಟನ ದೊಡ್ಡ ಜನಪ್ರಿಯತೆ ಕೊನೆಗೆ ಬಂದದ್ದು ಮುಖವೇ ಕಾಣದ ಮಾಧ್ಯಮದಿಂದ.

ಪ್ರಶ್ನೆ: ಅವರ ಹೆಸರಿನಲ್ಲಿ ಮಾನವೀಯ ಪ್ರಶಸ್ತಿ ಏಕೆ? ಹುಟ್ಟಿದ ನಾಡಿನೊಂದಿಗೆ ಅವರ ನಂಟು ಉಳಿದಿತ್ತೇ?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ಚಿತ್ರರಂಗದಲ್ಲಿ ದುಡಿದು ಕಷ್ಟಕ್ಕೆ ಬಿದ್ದವರ ನೆರವಿಗಾಗಿ 1921ರಲ್ಲಿ ಸ್ಥಾಪನೆಯಾಗಿದ್ದ ಪರಿಹಾರ ನಿಧಿಯ ಅಧ್ಯಕ್ಷತೆಯನ್ನು ಹರ್ಷೋಲ್ಟ್ 1930ರ ದಶಕದ ಕೊನೆಯಿಂದ ಬದುಕಿನ ಕೊನೆಯವರೆಗೂ ನಿರ್ವಹಿಸಿದರು. ತಾರೆಯರು ರೇಡಿಯೋದಲ್ಲಿ ಸಂಭಾವನೆ ಪಡೆಯದೆ ನಟಿಸುವುದು, ಆ ಹಣ ನಿಧಿಗೆ ಸೇರುವುದು ಎಂಬ ಏರ್ಪಾಡು 1939ರಲ್ಲಿ ಆರಂಭವಾಯಿತು. ಮರುವರ್ಷ ಹರ್ಷೋಲ್ಟ್ ಸ್ಯಾನ್ ಫರ್ನಾಂಡೋ ಕಣಿವೆಯಲ್ಲಿ ಆಕ್ರೋಟ್ ಮತ್ತು ಕಿತ್ತಳೆ ತೋಟಗಳ 48 ಎಕರೆ ಜಮೀನನ್ನು ಹುಡುಕಿ, ಎಕರೆಗೆ 850 ಡಾಲರಿನಂತೆ ಕೊಡಿಸಿದರು. ಅಲ್ಲಿ ಎದ್ದ ವಿಶ್ರಾಂತಿಧಾಮ 1942ರಲ್ಲಿ ತೆರೆಯಿತು. ನಾಯಕಿಯರ ಹೆಸರು ಹೇಳುವವರು ಎಷ್ಟೋ ಮಂದಿ. ಮೂಕಿ ಕಾಲದ ದೀಪದವರಿಗೆ, ಬಡಗಿಗಳಿಗೆ, ಮಾತು ಬಂದೊಡನೆ ಕೆಲಸ ಕಳೆದುಕೊಂಡ ಸಣ್ಣ ನಟರಿಗೆ ಮುಪ್ಪಿನಲ್ಲಿ ಸೂರು ಬೇಕೆಂದು ಓಡಾಡಿದವರು ಕೆಲವರೇ. 1945ರಿಂದ 1949ರವರೆಗೆ ಅವರು ಆಸ್ಕರ್ ಕೊಡುವ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು. ಆ ಅವಧಿಯ ಕೊನೆಯಲ್ಲಿ ದೊಡ್ಡ ಸ್ಟುಡಿಯೋಗಳು ಸಮಾರಂಭಕ್ಕೆ ಹಣ ಕೊಡುವುದನ್ನು ನಿಲ್ಲಿಸಿದಾಗ, ಅದನ್ನು ಅಕಾಡೆಮಿಯ ಸ್ವಂತ ಚಿಕ್ಕ ಸಭಾಂಗಣದಲ್ಲಿ ನಡೆಸಬೇಕಾಯಿತು.

ಹುಟ್ಟಿದ ನಾಡಿನೊಂದಿಗಿನ ನಂಟು ಡೆನ್ಮಾರ್ಕಿನ ಮಕ್ಕಳ ಕಥೆಗಾರ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಅವರ ಮೂಲಕ ಗಟ್ಟಿಯಾಗಿಯೇ ಉಳಿದಿತ್ತು. ರೇಡಿಯೋ ವೈದ್ಯನಿಗೆ ‘ಕ್ರಿಶ್ಚಿಯನ್’ ಎಂಬ ಹೆಸರು ಬಂದದ್ದು ಅವರಿಂದಲೇ. ಆಂಡರ್ಸನ್ ಪುಸ್ತಕಗಳನ್ನೂ ಹಸ್ತಪ್ರತಿಗಳನ್ನೂ ಹುಡುಕಿ ಕೂಡಿಟ್ಟ ಹರ್ಷೋಲ್ಟ್ ಆ ಸಂಗ್ರಹವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ದಾನ ಕೊಟ್ಟರು. ಅದಕ್ಕಿಂತ ದೊಡ್ಡ ಕೆಲಸ ಅನುವಾದ: ಆಂಡರ್ಸನ್ ಅವರ 160ಕ್ಕೂ ಹೆಚ್ಚು ಕಥೆಗಳನ್ನು ಡೇನಿಷಿನಿಂದ ಇಂಗ್ಲಿಷಿಗೆ ತಂದರು, ಆರು ಸಂಪುಟಗಳು 1949ರಲ್ಲಿ ಹೊರಬಂದವು. ತೆರೆಯ ಮೇಲೆ ಅವರ ಇಂಗ್ಲಿಷನ್ನು ಪರದೇಶಿಯ ಗುರುತೆಂದು ಬಳಸಿಕೊಂಡ ಕಾಲದಲ್ಲಿಯೇ, ಇಂಗ್ಲಿಷಿನಲ್ಲಿ ಮಕ್ಕಳು ಓದುವ ಆಂಡರ್ಸನ್ ಕಥೆಗಳು ಹರ್ಷೋಲ್ಟ್ ಕೈಯಿಂದ ಸಿದ್ಧವಾಗುತ್ತಿದ್ದವು.

ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿರುವ ಅವರ ಸಮಾಧಿಯ ಮೇಲೆ ಕ್ಲೋಡ್ಸ್ ಹ್ಯಾನ್ಸ್‌ನ ವಿಗ್ರಹವಿದೆ. ಚೆನ್ನಾಗಿ ಮಾತಾಡುವವನನ್ನೇ ವರಿಸುತ್ತೇನೆಂದು ರಾಜಕುಮಾರಿ ಸಾರಿದಾಗ, ನಿಘಂಟನ್ನು ಬಾಯಿಪಾಠ ಮಾಡಿ ಬಂದ ಅಣ್ಣ ಅವಳೆದುರು ತಡವರಿಸಿ ನಿಲ್ಲುತ್ತಾನೆ; ಹೋತದ ಬೆನ್ನೇರಿ ಬರುವ ಪೆದ್ದ ತಮ್ಮನೇ ಅವಳನ್ನು ಗೆಲ್ಲುತ್ತಾನೆ. ಆಂಡರ್ಸನ್ ಕಥೆಯ ಆ ತಮ್ಮನೇ ಕ್ಲೋಡ್ಸ್ ಹ್ಯಾನ್ಸ್.