ಸಾವಿರ ಇಳಿಸಿದರೆ ಹಾಸ್ಟೆಲ್ ತುಂಬುತ್ತದೆಯೇ?

ಪ್ರಶ್ನೆ: ಪುಣೆಯ ಕರ್ವೆನಗರದಲ್ಲಿ ನಮ್ಮ ಟ್ರಸ್ಟಿನ ಲೇಡೀಸ್ ಹಾಸ್ಟೆಲ್ ಇದೆ. ಬೆಳಗಾವಿ, ವಿಜಯಪುರ ಕಡೆಯ ವಿದ್ಯಾರ್ಥಿನಿಯರೇ ಹೆಚ್ಚು. 30 ಕಾಟ್‌ಗಳಲ್ಲಿ 19 ಮಾತ್ರ ತುಂಬಿವೆ. ಊಟ ಸೇರಿ ತಿಂಗಳಿಗೆ 9,000 ರೂಪಾಯಿ. ಒಬ್ಬರ ಊಟಕ್ಕೆ 3,500 ಹೋಗುತ್ತದೆ. ಕಟ್ಟಡದ ಬಾಡಿಗೆ, ಸಂಬಳ, ಕರೆಂಟು ಎಲ್ಲ ಸೇರಿ 1,35,000. ಎರಡನೇ ವರ್ಷಕ್ಕೆ ಹುಡುಗಿಯರು ಗುಂಪಾಗಿ ಫ್ಲ್ಯಾಟಿಗೆ ಹೋಗುತ್ತಾರೆ. ಸಾವಿರ ರೂಪಾಯಿ ಇಳಿಸೋಣವೇ?
– ಟ್ರಸ್ಟಿಯೊಬ್ಬರು, ಪುಣೆ

ಉತ್ತರ: ದಯವಿಟ್ಟು ಇಳಿಸಬೇಡಿ. ಊಟದ ಖರ್ಚು ಕಳೆದರೆ ಒಬ್ಬರಿಂದ ಉಳಿಯುವುದು 5,500. ಅಂದರೆ 25 ಜನ ಇದ್ದರೆ ಖರ್ಚು ಗಿಟ್ಟುತ್ತದೆ. ಈಗ ತಿಂಗಳಿಗೆ 30,500 ಕೈಯಿಂದ ಹೋಗುತ್ತಿದೆ. ಸಾವಿರ ಇಳಿಸಿದಿರೋ, ಉಳಿಯುವುದು 4,500. ಆಗ ಮೂವತ್ತಕ್ಕೆ ಮೂವತ್ತೂ ತುಂಬಿದರಷ್ಟೇ ಲೆಕ್ಕ ಸರಿಹೋಗುತ್ತದೆ. ಒಬ್ಬಳು ಊರಿಗೆ ಹೋದರೂ ನಷ್ಟ.

ನಿಮಗೆ ಬೇಕಿರುವುದು ಇನ್ನು ಆರು ಜನ, ಅವರು ನಿಮ್ಮಲ್ಲೇ ಇದ್ದಾರೆ. ಹೋಗುವವರನ್ನು ಮೇ ತಿಂಗಳಲ್ಲಿ ಕೇಳಿದರೆ ಉಪಯೋಗವಿಲ್ಲ, ಅಷ್ಟರಲ್ಲಿ ಫ್ಲ್ಯಾಟಿಗೆ ಟೋಕನ್ ಕೊಟ್ಟಾಗಿರುತ್ತದೆ. ಫೆಬ್ರವರಿಯಲ್ಲೇ ಒಬ್ಬೊಬ್ಬರನ್ನೂ ಕೂರಿಸಿ ಮಾತಾಡಿ. ಮಾರ್ಚ್ 15ರೊಳಗೆ ಬರೆದುಕೊಟ್ಟವರಿಗೆ ಮುಂದಿನ ವರ್ಷವೂ ಇದೇ ದರ, ರೂಮಿನ ಆಯ್ಕೆಯೂ ಅವರದೇ: ಮೊದಲು ಮೂರನೇ ವರ್ಷದವರು, ಆಮೇಲೆ ಎರಡನೆಯವರು. ಮೂವರು ಗೆಳತಿಯರು ಒಂದೇ ರೂಮು ಕೇಳಿದರೆ ಕೊಟ್ಟುಬಿಡಿ. ಒಬ್ಬಳು ಹೊರಟರೆ ಜೊತೆಯ ಇಬ್ಬರೂ ಗಂಟು ಕಟ್ಟುತ್ತಾರೆ. ಹಾಸ್ಟೆಲ್ ಖಾಲಿಯಾಗುವುದು ಹೀಗೆ, ಮೂರು ಮೂರಾಗಿ.

ಫ್ಲ್ಯಾಟಿನ ಲೆಕ್ಕವನ್ನೂ ಹಾಳೆಯಲ್ಲಿ ಬರೆದು ತೋರಿಸಿ: ಡಿಪಾಸಿಟ್, ಏಜೆಂಟನ ಕಮಿಷನ್, ಅಗ್ರಿಮೆಂಟ್ ನೋಂದಣಿ, ಗ್ಯಾಸ್, ಕೆಲಸದವರು, ರಜೆಯಲ್ಲೂ ತಪ್ಪದ ಬಾಡಿಗೆ. ಬರೆದುಕೊಟ್ಟವರಿಗೆ ರಜೆಯ ತಿಂಗಳಿಗೆ ಊಟದ 3,500 ಬಿಟ್ಟುಬಿಡಿ. ನಿಮಗೆ ಕಿಂಚಿತ್ತೂ ನಷ್ಟವಿಲ್ಲ.

ಇನ್ನು ಗೇಟು. ಎಂಟೂವರೆಗೇ ಬೀಗ ಬೀಳುವುದಾದರೆ ಲೈಬ್ರರಿ, ಕ್ಲಾಸು ಇರುವವಳು ಹೇಗೆ ಇದ್ದಾಳು? ಹತ್ತರವರೆಗೆ ತೆರೆದಿಡಿ. ತಡವಾದರೆ ವಾರ್ಡನ್‌ಗೆ ಫೋನು, ರಿಜಿಸ್ಟರಿನಲ್ಲಿ ಸಹಿ ಎಂಬ ನಿಯಮ ಸಾಕು. ಅದನ್ನು ಸೇರುವಾಗಲೇ ಅಪ್ಪ-ಅಮ್ಮನಿಗೆ ತಿಳಿಸಿ. ಬೆಳಿಗ್ಗೆ ಏಳಕ್ಕೆ ಡಬ್ಬಾ ಸಿದ್ಧವಿರಲಿ. ಮಧ್ಯಾಹ್ನದ ಊಟ ಮೆಸ್ಸಿನಲ್ಲೇ ಉಳಿದು ಅವಳು ಕ್ಯಾಂಟೀನಿಗೆ ದುಡ್ಡು ಕೊಟ್ಟರೆ, 9,000 ದುಬಾರಿ ಎನಿಸುವುದು ಸಹಜ.

ಬಿಟ್ಟುಹೋದವರ ಡಿಪಾಸಿಟ್ ಏಳು ದಿನದಲ್ಲಿ ಹಿಂತಿರುಗಿಸಿ, ಕಡಿತವಿದ್ದರೆ ಪಟ್ಟಿ ಸಮೇತ. ಹೊಸಬರನ್ನು ಕಳಿಸುವವರು ಅವರೇ.

ಎಂಜಿನಿಯರಿಂಗ್ ಪ್ರವೇಶ ಸುತ್ತು ಸುತ್ತಾಗಿ ನಡೆಯುತ್ತದೆ. ಮುಂದಿನ ಸುತ್ತಿನಲ್ಲಿ ಬೇರೆ ಕಾಲೇಜು ಸಿಕ್ಕವರು ಹೊರಡುತ್ತಾರೆ. ಆದ್ದರಿಂದ ಕೊನೆಯ ಸುತ್ತು ಮುಗಿಯುವವರೆಗೆ ವೇಟಿಂಗ್ ಲಿಸ್ಟ್ ಹರಿದು ಹಾಕಬೇಡಿ.

ಪ್ರಶ್ನೆ: ಖಾಲಿ ಕಾಟ್‌ಗಳನ್ನು ಆರು ವಾರದ ಇಂಟರ್ನ್‌ಶಿಪ್‌ಗೆ ಬರುವವರಿಗೆ ಕೊಡಬಹುದೇ?

ಉತ್ತರ: ಕೊಡುವ ಮೊದಲು ಜಿಎಸ್‌ಟಿ ನೋಡಿಕೊಳ್ಳಿ. 2024ರ ಜುಲೈ 15ರಿಂದ ಹಾಸ್ಟೆಲ್ ವಾಸಕ್ಕೆ ಸಿಕ್ಕಿರುವ ತೆರಿಗೆ ವಿನಾಯಿತಿಗೆ ಎರಡು ಷರತ್ತು: ದರ ತಲೆಗೆ ತಿಂಗಳಿಗೆ 20,000 ರೂಪಾಯಿ ಮೀರಬಾರದು, ಸತತ 90 ದಿನವಾದರೂ ಇರಬೇಕು. ಆರು ವಾರದವರು ಇದರಲ್ಲಿ ಬರುವುದಿಲ್ಲ. 19 ಜನರಿಂದಲೇ ನಿಮ್ಮ ವಾರ್ಷಿಕ ವಸೂಲಿ ಜಿಎಸ್‌ಟಿ ನೋಂದಣಿಯ ಮಿತಿಯಾದ 20 ಲಕ್ಷ ದಾಟುವುದರಿಂದ, ಅಂಥವರನ್ನು ಸೇರಿಸಿಕೊಂಡರೆ ನೋಂದಣಿಯ ಪ್ರಶ್ನೆ ಏಳುತ್ತದೆ. ಆಡಿಟರನ್ನು ಕೇಳಿಯೇ ಮುಂದುವರಿಯಿರಿ. ಆರು ತಿಂಗಳ ಇಂಟರ್ನ್‌ಶಿಪ್‌ನವರಾದರೆ ಧಾರಾಳವಾಗಿ ಸೇರಿಸಿಕೊಳ್ಳಿ.